ಕಾಟೊ ಯೂನಿಟ್ರ್ಯಾಕ್: ಹತ್ತು ಮನೆಯ ಹಳಿಗಳು ಒಂದು ಮೇಜಿಗೆ ಬಂದಾಗ

ಒಬ್ಬರೇ ಕೂತು ಆಡುವ ಮಾದರಿ ರೈಲಿಗೆ ಯಾವ ಹಳಿ ಹಾಕಿದರೂ ಹೇಗೋ ನಡೆದುಹೋಗುತ್ತದೆ. ಹತ್ತು ಜನ ತಂತಮ್ಮ ಮನೆಯಲ್ಲಿ ಕಟ್ಟಿದ ಮಾಡ್ಯೂಲ್‌ಗಳನ್ನು, ಅಂದರೆ ಹಳಿ ಕೂರಿಸಿದ ಪೆಟ್ಟಿಗೆಗಳನ್ನು, ಒಂದು ಸಭಾಂಗಣಕ್ಕೆ ಹೊತ್ತು ತಂದು, ಬೆಳಿಗ್ಗೆ ಜೋಡಿಸಿ, ಸಂಜೆ ಬಿಚ್ಚಿ ಒಯ್ಯುವಾಗ ಹಳಿಯ ನಿಜವಾದ ಗುಣ ಗೊತ್ತಾಗುತ್ತದೆ. ಕಾಟೊ ಕಂಪನಿಯ ಎನ್ ಸ್ಕೇಲ್ ಯೂನಿಟ್ರ್ಯಾಕನ್ನು ಇಲ್ಲಿ ತೂಗಿರುವುದು ಆ ತಕ್ಕಡಿಯಲ್ಲಿ. ಗೇಜ್ 9 ಮಿಮೀ, ಸ್ಕೇಲ್ 1:160, ಜಪಾನಿನ ಬಹುತೇಕ ಮಾದರಿಗಳಿಗೆ 1:150. ಹಳಿ, ಸ್ಲೀಪರ್, ಜಲ್ಲಿಯಂತೆ ಕಾಣುವ ಪ್ಲಾಸ್ಟಿಕ್ ತಳ, ಮೂರೂ ಒಂದೇ ತುಂಡಾಗಿ ಬರುತ್ತವೆ.

ಇದರ ಜೀವಾಳ ಯೂನಿಜಾಯ್ನರ್ ಎಂಬ ಪುಟ್ಟ ಕೊಂಡಿ. ಒಳಗೆ ಹಳಿಯ ಬುಡವನ್ನು ಹಿಡಿಯುವ ಲೋಹದ ತಗಡು, ಹೊರಗೆ ಪಕ್ಕದ ತುಂಡಿಗೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಹಲ್ಲು. ಒಂದು ಜೋಡಣೆಗೆ ಇಂಥವು ಎರಡು. ವಿದ್ಯುತ್ತು ದಾಟುವುದೂ ಇದರ ಮೂಲಕ, ಎರಡು ತುಂಡು ನೇರವಾಗಿ ನಿಲ್ಲುವುದೂ ಇದರಿಂದಲೇ. ಯಾರ ಮಾಡ್ಯೂಲ್ ಯಾರದ್ದಕ್ಕೂ ಹೊಂದುವಂತೆ ಅಳತೆ ಗೊತ್ತುಮಾಡುವ ಟಿ-ಟ್ರ್ಯಾಕ್ ಎಂಬ ಮಾನದಂಡ ನಿಂತಿರುವುದೇ ಈ ಕೊಂಡಿಯ ಮೇಲೆ. ಮಾಡ್ಯೂಲ್‌ಗಳನ್ನು ಬಿಗಿಯಲು ಬೇರೆ ಕ್ಲಾಂಪಿಲ್ಲ, ಬೋಲ್ಟಿಲ್ಲ. ಅಕ್ಕಪಕ್ಕದವರ ಹಳಿಗಳು ಕೈಕುಲುಕಿದರೆ ಆಯಿತು.

ಟಿ-ಟ್ರ್ಯಾಕಿನ ಲೆಕ್ಕ ಸೊಗಸಾಗಿದೆ. ಒಂಟಿ ಮಾಡ್ಯೂಲಿನ ಪೆಟ್ಟಿಗೆ 308 ಮಿಮೀ ಅಗಲ. ಅದರ ಮೇಲಿನ ಹಳಿ 248 ಮಿಮೀ ಮತ್ತು 62 ಮಿಮೀ ತುಂಡುಗಳು ಸೇರಿ 310 ಮಿಮೀ. ಅಂದರೆ ಎರಡೂ ಬದಿಯಲ್ಲಿ ಹಳಿ ಒಂದೊಂದು ಮಿಮೀ ಆಚೆ ಚಾಚಿರುತ್ತದೆ, ಜೋಡಿಸಿದಾಗ ಪೆಟ್ಟಿಗೆಗಳ ನಡುವೆ 2 ಮಿಮೀ ಸಂದು ಉಳಿಯುತ್ತದೆ. ಮರಗೆಲಸದಲ್ಲಿ ಅರ್ಧ ಮಿಮೀ ಹೆಚ್ಚುಕಡಿಮೆಯಾದರೂ ಆ ಸಂದು ನುಂಗಿಕೊಳ್ಳುತ್ತದೆ. ಜೋಡಿ ಮಾಡ್ಯೂಲಿಗೆ 248, 248, 124 ಸೇರಿ 620. ಮೂರರ ಉದ್ದಕ್ಕೆ ಮೂರು 248 ಮತ್ತೊಂದು 186 ಸೇರಿ 930. ಎಲ್ಲವೂ 310ರ ಮಗ್ಗಿ. ಹಾಗಾಗಿ ಯಾರ ಮಾಡ್ಯೂಲನ್ನು ಎಲ್ಲಿಟ್ಟರೂ ಎದುರುಬದುರು ಸಾಲುಗಳ ಉದ್ದ ಸಮನಾಗಿ, ನಾಲ್ಕು ಮೂಲೆಗಳ ಮೂಲಕ ವೃತ್ತ ಮುಚ್ಚಿಕೊಳ್ಳುತ್ತದೆ. ಮೂಲೆಗೆ ಹೊರಸಾಲಿನಲ್ಲಿ ಆರ್315, ಒಳಸಾಲಿನಲ್ಲಿ ಆರ್282 ತಿರುವುಗಳು (ಆರ್ ಎಂದರೆ ಮಿಮೀಯಲ್ಲಿ ತಿರುವಿನ ತ್ರಿಜ್ಯ). ಮಾಡ್ಯೂಲಿನ ಮೇಲೆ ಅಕ್ಕಪಕ್ಕ ಓಡುವ ಈ ಎರಡು ಸಾಲುಗಳ ಅಂತರ 33 ಮಿಮೀ. ಉದ್ದನೆಯ ಪ್ರಯಾಣಿಕ ಬೋಗಿಗಳಿದ್ದರೆ ಎರಡೂ ಸಾಲಿನಲ್ಲಿ ಒಟ್ಟಿಗೆ ನಿಲ್ಲಿಸಿ, ಮೂಲೆಯಲ್ಲಿ ಕೈಯಿಂದ ತಳ್ಳಿ ನೋಡಿ: ಒಳಸಾಲಿನ ಬೋಗಿಯ ತುದಿಗಳು ಹೊರಕ್ಕೆ ಚಾಚುತ್ತವೆ, ಹೊರಸಾಲಿನದರ ಹೊಟ್ಟೆ ಒಳಕ್ಕೆ ಬರುತ್ತದೆ.

ಈಗ ತೊಂದರೆಗಳ ಕಡೆ ಬರೋಣ. ಹೆಚ್ಚಿನವು ಹಳಿಯದ್ದಲ್ಲ, ಕೂರಿಸುವ ರೀತಿಯದ್ದು.

ಮೊದಲನೆಯದು ಅಂಟು. ಹೊಸಬರು ಹಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ಅಂಟಿಸಿಬಿಡುತ್ತಾರೆ. ಆಗ ಕೊಂಡಿಗೆ ಅತ್ತಿತ್ತ ಕೂದಲೆಳೆಯಷ್ಟು ಸರಿದುಕೊಳ್ಳಲೂ ಜಾಗವಿರುವುದಿಲ್ಲ. ಪಕ್ಕದ ಮಾಡ್ಯೂಲ್ ಸ್ವಲ್ಪ ಓರೆಯಾಗಿದ್ದರೂ ಪ್ಲಾಸ್ಟಿಕ್ ಹಲ್ಲೇ ಆ ಭಾರ ಹೊರಬೇಕು. ನಾಲ್ಕಾರು ಸಲ ಹೊತ್ತು ಮುರಿಯುತ್ತದೆ. ಮಧ್ಯದಲ್ಲಿ ಮಾತ್ರ ಅಂಟಿಸಿ, ಎರಡೂ ತುದಿಯ 40 ಮಿಮೀಯಷ್ಟನ್ನು ಬಿಟ್ಟುಬಿಡಿ. ಮೇಲೆ ನಿಜವಾದ ಜಲ್ಲಿಪುಡಿ ಹಾಕುವವರಿಗೂ ಇದೇ ಮಾತು. ಬಿಳಿ ಅಂಟಿಗೆ ಅಷ್ಟೇ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಹನಿಸುವ ಪದ್ಧತಿ ಚೆನ್ನಾಗಿಯೇ ಇದೆ, ಆದರೆ ಬಿಟ್ಟ ಆ ತುದಿಗಳಿಗೆ ಅಂಟು ಹರಿಯಬಾರದು. ಕೊಂಡಿಯೊಳಗೆ ಒಮ್ಮೆ ಇಳಿದರೆ ಆ ಕೊಂಡಿ ಮುಗಿಯಿತು. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ತುಂಡಾದ ಪಾಯಿಂಟಿನ ಮೇಲಂತೂ ಹನಿಸಲೇಬೇಡಿ, ಅದರ ಯಂತ್ರವೆಲ್ಲ ತಳದಲ್ಲೇ ಇದೆ.

ಎರಡನೆಯದು ಬಿಚ್ಚುವ ರೀತಿ. ಸಂಜೆ ಎಲ್ಲರಿಗೂ ಮನೆಗೆ ಹೋಗುವ ಆತುರ. ಒಬ್ಬರು ಮಾಡ್ಯೂಲಿನ ಒಂದು ತುದಿ ಎತ್ತಿ ಕಿತ್ತರೆ ಮುರಿಯುವುದು ತಮ್ಮ ಕೊಂಡಿಯೋ ನೆರೆಯವರದ್ದೋ ಹೇಳಲಾಗದು. ಇಬ್ಬರು ಎದುರುಬದುರು ನಿಂತು, ಎರಡೂ ಪೆಟ್ಟಿಗೆಗಳನ್ನು ಮೇಜಿಗೆ ತಾಗಿಸಿಕೊಂಡೇ ನೇರವಾಗಿ ಎಳೆಯಬೇಕು. ಎತ್ತಬಾರದು, ತಿರುಚಬಾರದು. ಚೆನ್ನಾಗಿ ನಡೆಯುವ ಗುಂಪುಗಳಲ್ಲಿ ಇದು ಬಾಯಿಮಾತಿನ ನಿಯಮ: ನೆರೆಯವರು ಬರುವವರೆಗೆ ನಿಮ್ಮ ಮಾಡ್ಯೂಲನ್ನು ಮುಟ್ಟಬೇಡಿ.

ಕೊಂಡಿಗಳು ಸವೆಯುವ ವಸ್ತು ಎಂದು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಲೋಹದ ತಗಡು ಸಡಿಲವಾದರೆ ಹಳಿಗೆ ಒತ್ತಿ ಕೂರುವುದಿಲ್ಲ, ಎಂಜಿನ್ ಆ ಜಾಗದಲ್ಲಿ ಕ್ಷಣ ತಡವರಿಸುತ್ತದೆ. ಬೆರಳಿನಿಂದ ಜೋಡಣೆಯನ್ನು ಮೆಲ್ಲಗೆ ಒತ್ತಿದಾಗ ಎಂಜಿನ್ ಮತ್ತೆ ಓಡಿತೆಂದರೆ ಸಂಶಯವೇ ಬೇಡ. ಚಿಮುಟದಿಂದ ತಗಡನ್ನು ಹಿಸುಕಿ ಬಿಗಿ ಮಾಡುವವರಿದ್ದಾರೆ. ಅದು ಆ ಸಂಜೆಗೆ ಸಾಕು, ಮುಂದಿನ ಸಲಕ್ಕೆ ಬದಲಿಸುವುದೇ ಸರಿ. ಹಳೆಯದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಹಳಿಯ ತುದಿ ಬಾಗುತ್ತದೆ. ಕೊಂಡಿ ತೆಗೆಯಲೆಂದೇ ಇರುವ ಪುಟ್ಟ ಪ್ಲಾಸ್ಟಿಕ್ ಸಲಕರಣೆ ಬಳಸಿ. ಹತ್ತು ಮಾಡ್ಯೂಲಿನ ಕೂಟಕ್ಕೆ ಇಪ್ಪತ್ತು ಕೊಂಡಿಗಳ ಒಂದು ಪೊಟ್ಟಣ ಎಲ್ಲರ ಪಾಲಿಗೆ ಮೇಜಿನ ಕೆಳಗಿರಲಿ. ಯಾರು ಎಷ್ಟು ತೆಗೆದುಕೊಂಡರೆಂದು ಬರೆದಿಡುವ ಅಗತ್ಯ ಬೀಳುವುದೇ ಇಲ್ಲ, ತೆಗೆದುಕೊಂಡವರು ಮುಂದಿನ ಸಲ ಎರಡು ಹೆಚ್ಚೇ ತಂದು ಹಾಕುತ್ತಾರೆ. ಈ ಹವ್ಯಾಸದ ಅತ್ಯಂತ ಮುದ್ದಾದ ಸಂಗತಿಗಳಲ್ಲಿ ಇದೂ ಒಂದು.

ಪಾಯಿಂಟ್‌ಗಳ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಂಬರ್ 6 ಪಾಯಿಂಟ್ 186 ಮಿಮೀ ಉದ್ದ, ಆರ್718 ತಿರುವು, ಓಟ ಬಹಳ ನಯ. ನಂಬರ್ 4 ಪಾಯಿಂಟ್ 126 ಮಿಮೀ, ಆರ್481. ನೋಡಿದವರೆಲ್ಲ ನಂಬರ್ 6 ಕೊಳ್ಳಿ ಎನ್ನುತ್ತಾರೆ. ಆದರೆ ಎರಡು ನಂಬರ್ 6 ಸೇರಿಸಿ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿಸಿದರೆ ಸಾಲುಗಳ ಅಂತರ 49.5 ಮಿಮೀ ಆಗಿಬಿಡುತ್ತದೆ. 33 ಮಿಮೀ ಅಂತರಕ್ಕೆ ಸರಿಹೊಂದುವುದು ನಂಬರ್ 4 ಮಾತ್ರ. ಹಾಗಾಗಿ ಗುಂಪಿನಲ್ಲಿ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ.

ನಂಬರ್ 4ರ ದೂರು ಹಳೆಯದು, ಎಲ್ಲ ಕಡೆ ಕೇಳಿಬರುವಂಥದ್ದು: ಸರಿಯುವ ಹಳಿಯ ಚೂಪು ತುದಿ ಪಕ್ಕದ ಸ್ಥಿರ ಹಳಿಗೆ ಪೂರ್ತಿ ಅಂಟಿ ಕೂರುವುದಿಲ್ಲ. ಎದುರಿನಿಂದ ಬರುವ ಚಕ್ರದ ಅಂಚು ಆ ಸಂದಿಗೆ ಸಿಕ್ಕಿ ಹಳಿ ತಪ್ಪುತ್ತದೆ. ಪರೀಕ್ಷೆ ಸುಲಭ. ರೈಲು ಸಾಗುವ ದಿಕ್ಕಿನಲ್ಲಿ ಸ್ಥಿರ ಹಳಿಯಿಂದ ಚೂಪು ತುದಿಯ ಮೇಲಕ್ಕೆ ಉಗುರು ಎಳೆಯಿರಿ. ಉಗುರು ತಡೆದರೆ ಚಕ್ರವೂ ತಡೆಯುತ್ತದೆ. ಸಣ್ಣ ಅರದಿಂದ ಚೂಪು ತುದಿಯ ಮೇಲಂಚು ಮತ್ತು ಒಳಬದಿಯನ್ನು ಇಳಿಜಾರಾಗಿ ಸವರಿ; ಸಾಲದಿದ್ದರೆ ಅದು ಕೂರುವ ಜಾಗದಲ್ಲಿ ಸ್ಥಿರ ಹಳಿಗೆ ತೆಳುವಾದ ತಗ್ಗು ಮಾಡಿ. ನಾಲ್ಕೈದು ಸಲ ಸವರಿ, ಒಂದು ಬೋಗಿ ತಳ್ಳಿ ನೋಡಿ, ಮತ್ತೆ ಸವರಿ. ಒಂದೇ ಸಲಕ್ಕೆ ತುಂಬಾ ಉಜ್ಜಿದರೆ ಮರಳಿ ಸೇರಿಸಲಾಗದು. ಇಷ್ಟು ಮಾಡುವ ಮೊದಲು ಬೋಗಿಯ ಚಕ್ರಗಳ ಅಂತರವನ್ನು ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎಯ ಅಳತೆಪಟ್ಟಿಯಲ್ಲಿ (ಗೇಜ್) ಅಳೆಯುವುದನ್ನು ಮರೆಯಬೇಡಿ. ಚಕ್ರದ ತಪ್ಪಿಗೆ ಪಾಯಿಂಟನ್ನು ಸವರಿದರೆ ಎರಡೂ ಹಾಳು.

ನಂಬರ್ 4ರ ತಳದಲ್ಲಿ ಸ್ಕ್ರೂಗಳಿವೆ. ಪಾಯಿಂಟ್ ತಿರುಗಿದ ಕಡೆಗೆ ಮಾತ್ರ ವಿದ್ಯುತ್ ಹೋಗಬೇಕೋ, ಎರಡೂ ಕಡೆಗೋ ಎಂದು ಅವುಗಳಿಂದಲೇ ಆರಿಸಬೇಕು. ಡಿಸಿಸಿ (ಹಳಿಯ ಮೂಲಕವೇ ಒಂದೊಂದು ಎಂಜಿನ್ನಿಗೂ ಬೇರೆಬೇರೆ ಆದೇಶ ಕಳಿಸುವ ಡಿಜಿಟಲ್ ಪದ್ಧತಿ) ಬಳಸುವವರಿಗೆ ಎರಡೂ ಕಡೆ ಇರುವುದು ಹಿತ, ಬದಿಯ ಸಾಲಿನಲ್ಲಿ ನಿಂತ ಎಂಜಿನ್ನಿನ ದೀಪ ಆರುವುದಿಲ್ಲ. ಅಂಟಿಸುವ ಮೊದಲೇ ಇದನ್ನು ತೀರ್ಮಾನಿಸಿ. ಪಾಯಿಂಟ್ ತಿರುಗಿಸುವ ಸುರುಳಿಗೆ ಎರಡೇ ತಂತಿ, ಕ್ಷಣಮಾತ್ರದ ಡಿಸಿ ಸಾಕು. ಧ್ರುವ ಬದಲಾದರೆ ದಿಕ್ಕು ಬದಲು. ಕಾಟೊದ್ದೇ ನೀಲಿ ಸ್ವಿಚ್ ಆ ಕ್ಷಣವನ್ನಷ್ಟೇ ಕೊಡುತ್ತದೆ. ಸಾಮಾನ್ಯ ಸ್ವಿಚ್ ಹಾಕಿ ವಿದ್ಯುತ್ ಹಾಗೇ ಹರಿಯಲು ಬಿಟ್ಟರೆ ಸುರುಳಿ ಸುಟ್ಟುಹೋಗುತ್ತದೆ.

ಬಿಡಿ ಪಾಯಿಂಟ್‌ಗಳ ಗೋಜು ಬೇಡವೆನ್ನುವ ಗುಂಪಿಗೆ ಡಬ್ಲ್ಯುಎಕ್ಸ್310 ಎಂಬ ಜೋಡಿ ದಾಟು ತುಂಡು ಇದೆ. ಉದ್ದ 310 ಮಿಮೀ, ಅಂತರ 33 ಮಿಮೀ. ಒಂಟಿ ಮಾಡ್ಯೂಲಿನ ಅಳತೆಗೆ ಹೇಳಿ ಮಾಡಿಸಿದಂತಿದೆ, ಎರಡು ಕಡೆಗೂ ದಾಟಬಹುದು. ಇಡೀ ಗುಂಪಿಗೆ ಹಂಚಿಕೊಂಡು ಒಂದು ಕೊಂಡರೂ ಸಾಕು.

ಆದರೆ ದಾಟು ಹಳಿ ಬಂದ ದಿನ ತಂತಿಯ ಹಳೆಯ ಒಗಟು ಎದ್ದು ಕೂರುತ್ತದೆ. ಟಿ-ಟ್ರ್ಯಾಕಿನಲ್ಲಿ ತಂತಿಗಳ ಕ್ರಮ ಮುಂದಿನಿಂದ ಹಿಂದಕ್ಕೆ ನೀಲಿ, ಬಿಳಿ, ಬಿಳಿ, ನೀಲಿ. ಎರಡು ಸಾಲುಗಳು ಕನ್ನಡಿಯಲ್ಲಿ ನೋಡಿದಂತಿರುವುದರಿಂದ ಬೇರೆಬೇರೆಯಾಗಿ ಓಡಿಸುವಾಗ ಏನೂ ತೊಂದರೆಯಿಲ್ಲ. ದಾಟು ಹಳಿ ಮುಂದಿನ ಸಾಲಿನ ಮುಂಭಾಗದ ಹಳಿಯನ್ನು ಹಿಂದಿನ ಸಾಲಿನ ಮುಂಭಾಗದ ಹಳಿಗೆ ಕೂಡಿಸುತ್ತದೆ, ಅಂದರೆ ನೀಲಿಗೆ ಬಿಳಿ. ನೇರ ಶಾರ್ಟ್. ನಡುವೆ ವಿದ್ಯುತ್ ತಡೆಯುವ ಕೊಂಡಿ ಹಾಕಿದರೂ ಪೂರ್ತಿ ಪರಿಹಾರವಲ್ಲ. ಎಂಜಿನ್ನಿನ ಚಕ್ರಗಳು ಆ ಸಂದನ್ನು ದಾಟುವ ಕ್ಷಣದಲ್ಲಿ ಮತ್ತೆ ಶಾರ್ಟ್ ಆಗುತ್ತದೆ. ಡಿಸಿಸಿಯಲ್ಲಿ ಸರಿಯಾದ ದಾರಿ ಎಂದರೆ ಒಂದು ಸಾಲಿಗೆ ವಿದ್ಯುತ್ ಹೋಗುವ ಎಲ್ಲ ಕಡೆಯೂ ಪ್ಲಗ್ಗಿನ ಎರಡು ತಂತಿ ಅದಲುಬದಲು ಮಾಡುವುದು. ಒಂದೇ ಒಂದು ಕಡೆ ಮರೆತರೂ ಇಡೀ ಸಾಲು ನಿಲ್ಲುತ್ತದೆ, ಆದ್ದರಿಂದ ಈ ಕೆಲಸ ಒಬ್ಬರದೇ ಜವಾಬ್ದಾರಿಯಾಗಿರಲಿ. ಅದಲುಬದಲಾದ ಪ್ರತಿ ಪ್ಲಗ್ಗಿಗೂ ಬಣ್ಣದ ಟೇಪ್ ಸುತ್ತಿ.

ವಿದ್ಯುತ್ತನ್ನು ಒಂದೇ ಕಡೆ ಕೊಟ್ಟು ಇಡೀ ವೃತ್ತ ಓಡಲಿ ಎಂದು ಕಾಯುವುದು ಸಾಮಾನ್ಯ ತಪ್ಪು. ಪ್ರತಿ ಕೊಂಡಿಯೂ ಚೂರು ಚೂರು ವೋಲ್ಟೇಜ್ ತಿನ್ನುತ್ತದೆ. ದೂರದ ತುದಿಯಲ್ಲಿ ರೈಲು ಕುಂಟುವುದಕ್ಕೆ ಅದೇ ಕಾರಣ. ಆರೆಂಟು ಮಾಡ್ಯೂಲಿಗೊಂದರಂತೆ ಟರ್ಮಿನಲ್ ಕೊಂಡಿ (ತಂತಿ ಸೇರಿಸಿಯೇ ಬರುವ ಕೊಂಡಿ) ಇಟ್ಟು, ಮೇಜಿನ ಕೆಳಗೆ 2.5 ಚದರ ಮಿಮೀ ತಂತಿಯ ಮುಖ್ಯ ಎಳೆಯಿಂದ ವಿದ್ಯುತ್ ಕೊಡಿ. ಬೆಸುಗೆ ಬರುವವರು ಸಾಮಾನ್ಯ ಕೊಂಡಿಯ ತಗಡಿಗೇ ತಂತಿ ಬೆಸೆಯಬಹುದು, ಪ್ಲಾಸ್ಟಿಕ್ಕಿನಿಂದ ತಗಡನ್ನು ಮೊದಲು ಹೊರತೆಗೆದರೆ ಮಾತ್ರ. ಆಮೇಲೆ ನಾಣ್ಯದ ಪರೀಕ್ಷೆ: ಡಿಸಿಸಿ ಚಾಲೂ ಇರುವಾಗ ಅತಿ ದೂರದ ಮಾಡ್ಯೂಲಿನಲ್ಲಿ ಎರಡು ಹಳಿಗೂ ತಾಗುವಂತೆ ಒಂದು ನಾಣ್ಯ ಇಡಿ. ಹಳಿಗೆ ವಿದ್ಯುತ್ ಕೊಡುವ ಬೂಸ್ಟರ್ ತಕ್ಷಣ ಕಡಿತಗೊಳ್ಳಬೇಕು. ಆಗದಿದ್ದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ತಡೆ ಹೆಚ್ಚಿದೆ. ಇನ್ನೊಂದು ಟರ್ಮಿನಲ್ ಕೊಂಡಿ ಸೇರಿಸುವವರೆಗೆ ರೈಲು ಓಡಿಸಬೇಡಿ. ಕಡಿತವಾಗದ ಶಾರ್ಟಿನಲ್ಲಿ ಚಕ್ರ ಕಾದು ಬೋಗಿಯ ಅಡಿಭಾಗ ಕರಗಬಲ್ಲದು.

ನೋಟದ ಬಗ್ಗೆ ಮುಚ್ಚುಮರೆ ಬೇಡ, ಯೂನಿಟ್ರ್ಯಾಕ್ ಇಲ್ಲಿ ಸೋಲುತ್ತದೆ. ಹಳಿ ಕೋಡ್ 80, ಅಂದರೆ ಸುಮಾರು 2 ಮಿಮೀ ಎತ್ತರ. 160ರಿಂದ ಗುಣಿಸಿದರೆ ಮೂವತ್ತೆರಡು ಸೆಂಮೀ ಆಯಿತು. ನಿಜವಾದ ಯುಐಸಿ 60 ಹಳಿ 172 ಮಿಮೀ ಎತ್ತರವಷ್ಟೇ. ಪೆಕೊ ಕಂಪನಿಯ ಕೋಡ್ 55 ಹಳಿಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅರ್ಧ ಪರಿಹಾರವಿದೆ: ಹಳಿಯ ಬದಿಗಳಿಗೆ ತುಕ್ಕಿನ ಕಂದು ಬಣ್ಣ, ಪ್ಲಾಸ್ಟಿಕ್ ಜಲ್ಲಿಗೆ ನೀರಾಗಿಸಿದ ಕಪ್ಪು, ಒಣಗಿದ ಮೇಲೆ ಹಳಿಯ ತಲೆಯನ್ನು ಒರೆಸಿಬಿಡುವುದು. ಎರಡು ಮೀಟರ್ ದೂರದಿಂದ ನೋಡುವವರಿಗೆ ಎತ್ತರ ಮರೆತೇಹೋಗುತ್ತದೆ. ಮನೆಯಲ್ಲಿ ಶಾಶ್ವತವಾಗಿ ಕಟ್ಟಿ, ಹತ್ತಿರದಿಂದ ಫೋಟೊ ತೆಗೆಯುವವರು ಪೆಕೊ ಕೊಳ್ಳಲಿ. ಹೊತ್ತು ತಿರುಗುವವರಿಗೆ ಯೂನಿಟ್ರ್ಯಾಕೇ ಸರಿ. ಟೊಮಿಕ್ಸ್ ಕಂಪನಿಯ ಫೈನ್ ಟ್ರ್ಯಾಕ್ ಕೂಡ ಗಟ್ಟಿ, ಅಚ್ಚುಕಟ್ಟು. ಆದರೆ ಅದರ ಮೂಲ ತುಂಡು 280 ಮಿಮೀ, ಸಾಲುಗಳ ಅಂತರ 37 ಮಿಮೀ. ಗುಂಪು ಆಗಲೇ ಕಾಟೊದಲ್ಲಿದ್ದರೆ ಬೆರೆಸಲು ಹೋಗಬೇಡಿ.

ಶುಚಿ ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಒದ್ದೆ ಮಾಡಿದ, ನೂಲು ಬಿಡದ ಬಟ್ಟೆ ಸಾಕು. ಮರಳು ಕಾಗದ ಬೇಡ, ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಸ್ಟೀಲ್ ಉಣ್ಣೆಯನ್ನು ಸಭಾಂಗಣದೊಳಗೇ ತರಬೇಡಿ. ಅದರ ಎಳೆಗಳು ಎಂಜಿನ್ ಮೋಟಾರಿನ ಆಯಸ್ಕಾಂತಕ್ಕೆ ಅಂಟಿದರೆ ಪಕ್ಕದವರ ಎಂಜಿನ್ನೂ ಹೋಗುತ್ತದೆ.

ಕೂಟದ ಬೆಳಗಿನ ಕ್ರಮ ಹೀಗಿದ್ದರೆ ಜೋಡಣೆ ಸಲೀಸು. ಮೊದಲು ಎಲ್ಲ ಮಾಡ್ಯೂಲನ್ನೂ ಜಾಗಕ್ಕಿಟ್ಟು, ಒಬ್ಬರು ಸ್ಪಿರಿಟ್ ಲೆವೆಲ್ ಹಿಡಿದು ಕಾಲಿನ ಬೋಲ್ಟ್ ತಿರುಗಿಸುತ್ತ ಹೋಗಲಿ. ಎತ್ತರ ಸರಿಯಾದ ಮೇಲೆಯೇ ಕೊಂಡಿ ಸೇರಿಸುವುದು, ಮೊದಲೇ ಸೇರಿಸಿ ಬೋಲ್ಟ್ ತಿರುಗಿಸಿದರೆ ಕೊಂಡಿ ತಿರುಚಿಕೊಳ್ಳುತ್ತದೆ. ಇನ್ನೊಬ್ಬರು ಪ್ರತಿ ಜೋಡಣೆಯ ಮೇಲೆ ಬೆರಳಾಡಿಸಲಿ. ನಂತರ ಒಂದು ಎಂಜಿನ್, ಅದರ ಮುಂದೆ ತಳ್ಳಿಸಿಕೊಳ್ಳುವ ಒಂದು ಹಗುರ ಬೋಗಿ, ಎರಡೂ ದಿಕ್ಕಿಗೆ ನಿಧಾನವಾಗಿ ಒಂದೊಂದು ಸುತ್ತು. ಕೆಟ್ಟ ಜೋಡಣೆಯನ್ನು ಎಳೆಯುವ ಎಂಜಿನ್‌ಗಿಂತ ಮುಂದಿರುವ ಬೋಗಿ ಚೆನ್ನಾಗಿ ಹಿಡಿದುಕೊಡುತ್ತದೆ. ತಪ್ಪು ಕಂಡಲ್ಲಿ ಚೀಟಿ ಅಂಟಿಸಿ. ಅದರ ಮೇಲೆ "ಎಡ ಹಳಿ, ಹಿಂದಿನ ಸಾಲು" ಎಂಬಂತೆ ಜಾಗ ಮಾತ್ರ ಬರೆಯಿರಿ, ಮಾಡ್ಯೂಲಿನ ಒಡೆಯರ ಹೆಸರು ಬೇಡ. ಜೋಡಣೆಗೆ ಇಬ್ಬರು ಒಡೆಯರು, ಇಬ್ಬರೂ ಬಂದು ಬಗ್ಗಿ ನೋಡಿದರೆ ಐದು ನಿಮಿಷದ ಕೆಲಸ.

ಹೊಸಬರ ಎಂಜಿನ್ ಹಳಿಗೇರುವ ಮುನ್ನ ಡಿಸಿಸಿ ವಿಳಾಸ ಕೇಳಿ. ಎಂಜಿನ್ನಿನೊಳಗೆ ಆದೇಶ ಓದುವ ಡಿಕೋಡರ್‌ಗಳು ಕಾರ್ಖಾನೆಯಿಂದ ಬರುವುದೇ 3 ಎಂಬ ವಿಳಾಸದಲ್ಲಿ. ಹಾಗೇ ಇಟ್ಟರೆ ಒಬ್ಬರು ಗುಂಡಿ ತಿರುಗಿಸಿದಾಗ ಎರಡು ರೈಲು ಹೊರಡುತ್ತವೆ. ಬೇರೆ ವಿಳಾಸ ಹಾಕಿಕೊಟ್ಟು, ಮೊದಲ ಸುತ್ತಿಗೆ ಅವರ ಪಕ್ಕದಲ್ಲೇ ನಡೆಯಿರಿ.