ಹಳೆ ಕಾರಿನ ಸಿಗದ ಸಣ್ಣ ಭಾಗಗಳು: ಅಚ್ಚೋ, 3ಡಿ ಪ್ರಿಂಟೋ, ಲೋಹದ ಎರಕವೋ?

ಹಳೆ ಕಾರಿಗೆ ಪಿಸ್ಟನ್ ರಿಂಗ್ ಹೇಗೋ ಸಿಕ್ಕಿಬಿಡುತ್ತದೆ. ಬ್ರೇಕ್ ಶೂಗೆ ಹೊಸ ಲೈನಿಂಗ್ ಹಾಕಿಸಬಹುದು. ಕೆಲಸ ನಿಂತುಹೋಗುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತುಗಳಿಗೆ. ಹೀಟರಿನ ನಾಬ್, ಕಿಟಕಿ ಹ್ಯಾಂಡಲ್ ಹಿಂದಿನ ಪ್ಲಾಸ್ಟಿಕ್ ಬಳೆ, ಬಾನೆಟ್ ಮೇಲಿನ ಹೆಸರು, ಬಾಗಿಲಿನ ಹೊಳೆಯುವ ಪಟ್ಟಿಯನ್ನು ಹಿಡಿದಿಡುವ ಕ್ಲಿಪ್. ಇವಿಲ್ಲದೆಯೂ ಕಾರು ಓಡುತ್ತದೆ, ನಿಜ. ಆದರೆ ಒಳಗೆ ಕೂತವರ ಕಣ್ಣು ಹೋಗುವುದು, ಕೈ ತಾಗುವುದು ಇವಕ್ಕೇ ಅಲ್ವಾ?

ಈ ನಾಲ್ಕೂ ಭಾಗಗಳನ್ನು ಬೇರೆ ಬೇರೆ ದಾರಿಯಲ್ಲಿ ಮಾಡಿ, ಕಾರಿಗೆ ಹಾಕಿ, ಬಿಸಿಲಿನಲ್ಲಿ ನಿಲ್ಲಿಸಿ ನೋಡಿದ್ದೇನೆ. ಯಾವ ಯಂತ್ರ ಒಳ್ಳೆಯದು ಎಂದು ಶುರು ಮಾಡಿದರೆ ಉತ್ತರ ಸಿಗುವುದಿಲ್ಲ. ಆ ಭಾಗ ಕಾರಿನಲ್ಲಿ ಏನನ್ನು ತಡೆದುಕೊಳ್ಳಬೇಕು ಎಂಬುದನ್ನೇ ಮೊದಲು ನೋಡಬೇಕು. ಬಿಸಿಲೇ, ಎಳೆತವೇ, ಮಳೆಯೇ?

ಮೂಲ ನಾಬ್ ಒಂದಾದರೂ ಸರಿಯಾಗಿ ಉಳಿದಿದ್ದರೆ ನನ್ನ ಓಟು ಸಿಲಿಕೋನ್ ಅಚ್ಚು ಮತ್ತು ಪಾಲಿಯುರೆಥೇನ್ ರೆಸಿನ್‌ಗೆ, ಅಂದರೆ ಅಚ್ಚಿಗೆ ಎರೆದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್‌ಗೆ. ನಾಬ್ ಮೇಲಿನ ಸಣ್ಣ ಅಕ್ಷರ, ಅಂಚಿನ ಗೀರು, ಬೆರಳಚ್ಚು ಕೂಡ ಹಾಗೇ ಇಳಿಯುತ್ತದೆ. ಸಿಲಿಕೋನ್‌ನಲ್ಲಿ ಎರಡು ಜಾತಿ. ತವರದ ರಾಸಾಯನಿಕದಿಂದ ಗಟ್ಟಿಯಾಗುವುದು ಅಗ್ಗ, ಹೆಚ್ಚುಕಮ್ಮಿ ಯಾವುದರ ಮೇಲೆ ಸುರಿದರೂ ಕೂರುತ್ತದೆ. ಆದರೆ ಇಟ್ಟಲ್ಲೇ ನಿಧಾನವಾಗಿ ಕುಗ್ಗುತ್ತದೆ. ಮುಂದೆ ಮತ್ತೆ ಬೇಕಾಗುತ್ತದೆ ಎಂದು ಎತ್ತಿಟ್ಟರೆ ಅಳತೆ ಕೈಕೊಡುತ್ತದೆ. ಪ್ಲಾಟಿನಂ ಜಾತಿಯದು ಅಳತೆ ಬಿಡುವುದಿಲ್ಲ, ಆದರೆ ಅದರ ಮಡಿ ಜಾಸ್ತಿ. ಗಂಧಕ ಸೋಕಿದರೆ ಅಲ್ಲಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಅಚ್ಚಿನ ತಳಕ್ಕೆ ಒತ್ತುವ ಜೇಡಿಯಲ್ಲಿ ಗಂಧಕ ಇರಬಾರದು. ಮೂಲ ಭಾಗಕ್ಕೆ ರಬ್ಬರ್ ಅಂಟಿದ್ದರೆ ಅದನ್ನೂ ತೆಗೆದುಬಿಡಬೇಕು, ಏಕೆಂದರೆ ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕದಿಂದ. ಇಷ್ಟೆಲ್ಲ ಇದ್ದರೂ ನಾನು ಪ್ಲಾಟಿನಂ ಸಿಲಿಕೋನನ್ನೇ ಆರಿಸುತ್ತೇನೆ.

ರೆಸಿನ್‌ನ ಶತ್ರು ತೇವ. ಡಬ್ಬ ತೆರೆದಿಟ್ಟರೆ ಗಾಳಿಯ ತೇವ ಹೀರಿ, ಎರಕದೊಳಗೆ ನೊರೆ ಏಳುತ್ತದೆ. ಒತ್ತಡದ ಪಾತ್ರೆಯೊಳಗಿಟ್ಟು ಗಟ್ಟಿ ಮಾಡಿದರೆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತವೆ. ಪಾತ್ರೆ ಇಲ್ಲದಿದ್ದರೆ ಅಕ್ಷರಗಳಿರುವ ಜಾಗಕ್ಕೆ ಮೊದಲು ಬ್ರಷ್‌ನಿಂದ ರೆಸಿನ್ ಬಳಿದು, ಆಮೇಲೆ ಅತಿ ತಗ್ಗಿನ ಮೂಲೆಯಿಂದ ಸಣ್ಣ ಧಾರೆಯಾಗಿ ತುಂಬಿಸಬೇಕು. ಒಂದು ಮಾತು ಮಾತ್ರ ಖಂಡಿತ: ಈ ರೆಸಿನ್‌ನಲ್ಲಿ ಐಸೋಸಯನೇಟ್ ಎಂಬ, ಉಸಿರಿಗೂ ಚರ್ಮಕ್ಕೂ ಕೆಡುಕಾದ ರಾಸಾಯನಿಕ ಇರುತ್ತದೆ. ಗಾಳಿಯಾಡುವ ಜಾಗ, ಕೈಗವಸು, ಸರಿಯಾದ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಇನ್ನು ಶಾಖ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಸಾಮಾನ್ಯ ರೆಸಿನ್‌ನಲ್ಲಿ ಮಾಡಿದ ತೆಳ್ಳನೆ ಬಳೆ ಅಲ್ಲಿ ನಿಧಾನವಾಗಿ ಸೊಟ್ಟಗಾಯಿತು. ಅದೇ ಅಚ್ಚಿನಲ್ಲಿ ಶಾಖ ತಡೆಯುವ ರೆಸಿನ್ ಎರೆದು, ತಯಾರಕರು ಹೇಳಿದಂತೆ ಓವನ್‌ನಲ್ಲಿ ಬಿಸಿ ಕೊಟ್ಟು ಪಕ್ವ ಮಾಡಿದಾಗ ಬಳೆ ನೆಟ್ಟಗೆ ಉಳಿಯಿತು. ನಾಬ್ ಹೇಗೂ ದಪ್ಪ, ಅದಕ್ಕೆ ಅಷ್ಟು ಚಿಂತೆ ಇಲ್ಲ. ಆದರೆ ಕಡ್ಡಿ ಕೂರುವ ತೂತು ಬರೀ ರೆಸಿನ್ ಆದರೆ ಬೇಗ ಸವೆಯುತ್ತದೆ. ಅಲ್ಲಿ ಹಿತ್ತಾಳೆಯ ಕೊಳವೆ ಇಟ್ಟು ಅದರ ಸುತ್ತ ಎರೆಯುವುದು ವಾಸಿ.

ಮೂಲ ಭಾಗವೇ ಇಲ್ಲದಿದ್ದರೆ, ಇಲ್ಲವೇ ಅರ್ಧ ಮುರಿದು ಹೋಗಿದ್ದರೆ, ಅಚ್ಚು ಸೋಲುತ್ತದೆ. ಅಲ್ಲಿ 3ಡಿ ಪ್ರಿಂಟ್‌ಗೆ ಎದುರಾಳಿಯೇ ಇಲ್ಲ. ಬಲಗಡೆಯ ಭಾಗ ಕೈಯಲ್ಲಿದೆ, ಎಡಗಡೆಯದು ಕಳೆದಿದೆ ಅನ್ನಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಕಂಪ್ಯೂಟರಿನಲ್ಲಿ ಬಿಡಿಸಿ, ಕನ್ನಡಿಯಂತೆ ತಿರುಗಿಸಿದರೆ ಮುಗಿಯಿತು. ಅಚ್ಚು ಎಷ್ಟೇ ಚೆನ್ನಾಗಿರಲಿ, ಬಲಗಡೆಯದನ್ನು ಎಡಗಡೆಯದಾಗಿ ಮಾಡಿಕೊಡುವುದಿಲ್ಲ.

ಪ್ಲಾಸ್ಟಿಕ್ ಎಳೆ ಕರಗಿಸಿ ಪದರ ಹಾಕುವ ಪ್ರಿಂಟರ್‌ನಲ್ಲಿ ಯಾವ ಎಳೆ ಎಂಬುದೇ ಮುಖ್ಯ. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಅಂದರೆ ಕಾರಿನೊಳಗೆ ಬೇಡವೇ ಬೇಡ. ಎಬಿಎಸ್ 100 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ. ಎಎಸ್‌ಎ ಕೂಡ ಹಾಗೇ, ಜೊತೆಗೆ ಬಿಸಿಲಿಗೂ ಜಗ್ಗುವುದಿಲ್ಲ. ಕಣ್ಣಿಗೆ ಕಾಣದ ಕಡೆ ಕೂರುವ ಕ್ಲಿಪ್‌ಗೆ ಎಎಸ್‌ಎ ಸಾಕು. ಆದರೆ ಕ್ಲಿಪ್‌ನ ಕೊಕ್ಕೆ ಬಾಗುವ ಜಾಗಕ್ಕೆ ಪದರಗಳು ಅಡ್ಡ ಬರಬಾರದು. ಬಂದರೆ ಪಟ್ಟಿ ಒತ್ತುತ್ತಿದ್ದಂತೆ ಪದರ ಬಿಟ್ಟುಕೊಂಡು ಪಟಕ್ಕನೆ ಮುರಿಯುತ್ತದೆ. ಕ್ಲಿಪ್ಪನ್ನು ಮಲಗಿಸಿ ಪ್ರಿಂಟ್ ಮಾಡಿದರೆ ಅದೇ ಕೊಕ್ಕೆ ಚೆನ್ನಾಗಿ ಬಾಗುತ್ತದೆ. ಕಣ್ಣಿಗೆ ಕಾಣುವ ಭಾಗಕ್ಕೆ ಈ ವಿಧಾನ ನನಗೆ ಹಿಡಿಸಲಿಲ್ಲ. ಪದರದ ಗೆರೆ ಹೋಗುವವರೆಗೆ ಎಮರಿ ಪೇಪರ್ ತಿಕ್ಕುತ್ತಾ ಕೂತರೆ ಅಕ್ಷರದ ಅಂಚೂ ಸವೆದು ಹೋಗುತ್ತದೆ.

ಬೆಳಕಿನಿಂದ ಗಟ್ಟಿಯಾಗುವ ದ್ರವ ರೆಸಿನ್‌ನ ಪ್ರಿಂಟರ್‌ನಲ್ಲಿ ಪದರ 0.05 ಮಿಲಿಮೀಟರ್ ಅಷ್ಟೇ. ನೋಡಲು ಬಲು ಚೆಂದ. ಆದರೆ ಅದರ ಸಾಮಾನ್ಯ ರೆಸಿನ್ ಬಿಸಿಲಿಗೆ ಹಳದಿಯಾಗುತ್ತದೆ, ಗಾಜಿನಂತೆ ಸಿಡಿಯುತ್ತದೆ. ಹಾಗಾಗಿ ಅದನ್ನು ನೇರವಾಗಿ ಕಾರಿಗೆ ಹಾಕುವುದಿಲ್ಲ, ಅಚ್ಚು ತೆಗೆಯಲು ಮೂಲವಾಗಿ ಬಳಸುತ್ತೇನೆ. ಅಲ್ಲೂ ಒಂದು ಎಚ್ಚರಿಕೆ ಬೇಕು. ಈ ಪ್ರಿಂಟ್ ಮೇಲೆ ನೇರವಾಗಿ ಸುರಿದರೆ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗದೇ ಹೋಗಬಹುದು. ಚೆನ್ನಾಗಿ ತೊಳೆದು, ಬೆಳಕಿನಲ್ಲಿ ಪೂರ್ತಿ ಪಕ್ವ ಮಾಡಿ, ಮೇಲೊಂದು ಲ್ಯಾಕರ್ ಪದರ ಕೊಟ್ಟು, ಮೊದಲು ಮೂಲೆಯಲ್ಲಿ ಒಂದು ತೊಟ್ಟು ಹಾಕಿ ನೋಡಬೇಕು.

ಬಾನೆಟ್ ಮೇಲಿನ ಹೆಸರಿನ ವಿಷಯಕ್ಕೆ ಬಂದರೆ ಪ್ಲಾಸ್ಟಿಕ್‌ನ ಮಾತು ಬಿಡಿ. ಕ್ರೋಮ್ ಬಣ್ಣದ ಸ್ಪ್ರೇ ಎಷ್ಟೇ ನುಣುಪಾಗಿ ಹೊಡೆದರೂ ಪಕ್ಕದ ನಿಜವಾದ ಕ್ರೋಮ್ ಮುಂದೆ ಬೂದುಬಣ್ಣವಾಗಿ ಕಾಣುತ್ತದೆ. ಮೂಲ ಭಾಗಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದವು. ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ತಂದ ಜಮಾಕ್ ಈ ಕುಟುಂಬದ್ದೇ, ಸತುವಿಗೆ ಸುಮಾರು 4 ಶೇಕಡಾ ಅಲ್ಯುಮಿನಿಯಂ ಸೇರಿಸಿದ ಲೋಹ. ಕ್ರೋಮ್ ಕೆಳಗೆ ತೇವ ಇಳಿದರೆ ಇದು ಗುಳ್ಳೆ ಎದ್ದು, ಕುಳಿ ಬೀಳುತ್ತದೆ. 400 ಡಿಗ್ರಿಗೂ ಮೊದಲೇ ಕರಗುವುದರಿಂದ ವೆಲ್ಡಿಂಗ್ ಕೂಡ ಕಷ್ಟ. ಕುಳಿ ಕೆಲವೇ ಇದ್ದರೆ ತಾಮ್ರದ ಲೇಪ ಹಾಕಿ, ತಿಕ್ಕಿ, ಮತ್ತೆ ಹಾಕಿ ತುಂಬಿಸಬಹುದು. ಎಲ್ಲ ಕಡೆ ತಿಂದು ಹೋಗಿದ್ದರೆ ಮೇಣದ ಮಾದರಿಯಿಂದ ಕಂಚಿನಲ್ಲಿ ಎರಕ ಹೊಯ್ಯಿಸುವುದೇ ಸರಿ.

ಇಲ್ಲಿ ಮೂಲ ಹೆಸರನ್ನೇ ಅಚ್ಚಿಗಿಟ್ಟರೆ ಬಂದ ಕಂಚು ಚಿಕ್ಕದಾಗಿರುತ್ತದೆ. ಆರುವಾಗ ಕಂಚು ಸುಮಾರು 1.5 ಶೇಕಡಾ ಕುಗ್ಗುತ್ತದೆ, ಮೇಣದ್ದೂ ಬೇರೆ. 120 ಮಿಲಿಮೀಟರ್ ಉದ್ದದ ಹೆಸರು ಎರಡು ಮಿಲಿಮೀಟರ್ ಕಡಿಮೆಯಾದರೆ ಹಿಂದಿನ ಪಿನ್ನುಗಳು ಬಾನೆಟ್ಟಿನ ತೂತಿಗೆ ಕೂರುವುದಿಲ್ಲ. ಅದಕ್ಕೇ ಮಾದರಿಯನ್ನು ಅಷ್ಟು ದೊಡ್ಡದಾಗಿ 3ಡಿ ಪ್ರಿಂಟ್ ಮಾಡಿ ಎರಕದವರಿಗೆ ಕೊಡುತ್ತೇನೆ. ಪಿನ್ನುಗಳನ್ನು ಎರಕದಲ್ಲಿ ಸೇರಿಸುವುದಿಲ್ಲ. ಆಮೇಲೆ ಬಾನೆಟ್ಟಿನ ತೂತು ನೋಡಿಕೊಂಡು ಕೊರೆದು ಕೂರಿಸಿದರೆ ಚಿಂತೆಯೇ ಇಲ್ಲ. ಅಕ್ಷರಗಳ ಅಂಚನ್ನೂ ತುಸು ಜಾಸ್ತಿ ಬಿಡಬೇಕು, ಪಾಲಿಶ್ ಮಾಡುವಾಗ ಸವೆಯುತ್ತದೆ.

ಪಾಲಿಶ್ ಬಗ್ಗೆ ಮಾತ್ರ ಜಿಪುಣತನ ಬೇಡ. ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ತೆಳು. ಅದರ ಕೆಳಗಿನ ನಿಕಲ್ ಪದರವೇ ಹೊಳಪು ಕೊಡುವುದು, ಮತ್ತು ಆ ನಿಕಲ್ ಕಂಚಿನ ಮೇಲಿನ ಗೀರನ್ನು ಮುಚ್ಚುವುದಿಲ್ಲ. ಲೇಪಕ್ಕೆ ಕೊಡುವ ಮೊದಲು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಕಂಡ ಗೀರು ಕ್ರೋಮ್ ಆದಮೇಲೆ ಇನ್ನೂ ಎದ್ದು ಕಾಣುತ್ತದೆ.