ಹಳೇ ಗೇಮ್ ಪೆಟ್ಟಿಗೆ ರಿಪೇರಿನಾ, ಹೊಸದು ಕಟ್ಟೋದಾ? ಎರಡನ್ನೂ ಮಾಡಿ ನೋಡಿದೆ

ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಈಗ ಕಾರಿಗೆ ಜಾಗವಿಲ್ಲ. ಅಂಗಡಿಗಳಲ್ಲಿ ಕಾಯಿನ್ ಹಾಕಿ ನಿಂತು ಆಡುತ್ತಿದ್ದಂಥ ಎರಡು ಗೇಮ್ ಪೆಟ್ಟಿಗೆ ಅಕ್ಕಪಕ್ಕ ನಿಂತಿವೆ. ಎಡಗಡೆಯದು ಹಾಸನದ ಕಡೆಯ ಒಂದು ಊರಿನ ವಿಡಿಯೋ ಗೇಮ್ ಅಂಗಡಿಯದ್ದು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಗೋಡೌನಿನಲ್ಲಿ ಸಿಮೆಂಟ್ ಚೀಲಗಳ ಹಿಂದೆ ಬಿದ್ದಿದ್ದ ಪೆಟ್ಟಿಗೆಗೆ 6,500 ರೂಪಾಯಿ ಕೊಟ್ಟೆ. ಮನೆಗೆ ತರಲು ಟಾಟಾ ಏಸ್‌ಗೆ ಇನ್ನೂ 3,200. ಬಲಗಡೆಯದು ಪ್ಲೈವುಡ್ ತಂದು ನಾನೇ ಕಟ್ಟಿದ್ದು. ಹಳೆಯದನ್ನು ಎಬ್ಬಿಸಲು ನಾಲ್ಕು ತಿಂಗಳು ಹಿಡಿಯಿತು. ಹೊಸದಕ್ಕೆ ಆರು ಭಾನುವಾರ ಸಾಕಾಯಿತು.

ಎರಡರಲ್ಲಿ ಯಾವುದು ಮೇಲು ಅಂತ ಕೇಳುವವರು ಸಾಮಾನ್ಯವಾಗಿ ಪರದೆ ಬಗ್ಗೆ ಕೇಳುತ್ತಾರೆ. ಇಲ್ಲವಾದರೆ ಎಷ್ಟು ಗೇಮ್ ಇದೆ ಅಂತ. ಕೈ ಇಡುವ ಜಾಗದ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಎಲ್ಲ ತೀರ್ಮಾನವಾಗುವುದು ಅಲ್ಲೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಮರ. ಹಳೇ ಪೆಟ್ಟಿಗೆ ಪಾರ್ಟಿಕಲ್ ಬೋರ್ಡಿನದು. ನೆಲಕ್ಕೆ ತಾಗಿದ್ದ ನಾಲ್ಕು ಇಂಚು ನೀರು ಕುಡಿದು ನೆನೆಸಿದ ಅವಲಕ್ಕಿ ಹಾಗೆ ಉಬ್ಬಿತ್ತು. ಬೆರಳಲ್ಲಿ ಕೆದಕಿದರೆ ಉದುರುತ್ತಿತ್ತು. ಅಷ್ಟನ್ನೂ ಕತ್ತರಿಸಿ ತೆಗೆದು, ಕೆಳಗೆ ಪ್ಲೈವುಡ್ಡಿನ ಪೀಠ ಮಾಡಿ, ನಾಲ್ಕು ಚಕ್ರ ಹಾಕಿದೆ. ಪಕ್ಕದ ಚಿತ್ರಗಳನ್ನು ಹಾಗೇ ಬಿಟ್ಟೆ. ಯಾರೋ ಹುಡುಗ ಮೊಳೆಯಲ್ಲಿ ಗೀಚಿದ ತನ್ನ ಹೆಸರಿನ ಮೊದಲಕ್ಷರವೂ ಹಾಗೇ ಇದೆ.

ಹೊಸದಕ್ಕೆ ನಾನು ಮೊದಲು ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ತಂದಿದ್ದೆ. ಕತ್ತರಿಸಲು ಬೆಣ್ಣೆ ಇದ್ದ ಹಾಗೆ ಇರುತ್ತದೆ, ಪೇಂಟ್ ನೀಟಾಗಿ ಕೂರುತ್ತದೆ. ಆದರೆ 18 ಮಿಲಿಮೀಟರಿನ ಎಂಟು ಬೈ ನಾಲ್ಕು ಅಡಿಯ ಒಂದು ಶೀಟು ಸುಮಾರು 40 ಕೆಜಿ ತೂಗುತ್ತದೆ. ನಮ್ಮ ಆಚಾರ್ರು ಶೀಟನ್ನು ನೋಡಿ ನಕ್ಕರು. "ಸಾರ್, ಇದು ಗಟ್ಟಿ ರಟ್ಟು ಅಷ್ಟೇ. ಸ್ಕ್ರೂ ಒಂದ್ಸಲ ಹಿಡಿಯತ್ತೆ. ಬಿಚ್ಚಿ ಇನ್ನೊಂದ್ಸಲ ಹಾಕಿದ್ರೆ ಗೋವಿಂದ." ಅವರ ಮಾತೇ ನಿಜವಾಯಿತು. ಗೇಮ್ ಪೆಟ್ಟಿಗೆ ಅಂದರೆ ವಾರಕ್ಕೊಮ್ಮೆ ಏನಾದರೂ ಬಿಚ್ಚುವುದು ಇದ್ದದ್ದೇ. ಮೂರನೇ ಸಲಕ್ಕೆ ಹಿಂಬಾಗಿಲಿನ ಕೀಲು ಕಿತ್ತು ಕೈಗೆ ಬಂತು. ಪಕ್ಕದ ಹಲಗೆಗಳನ್ನು ಪ್ಲೈವುಡ್ಡಿನಲ್ಲಿ ಮತ್ತೆ ಮಾಡಿದೆ. ಎಂಡಿಎಫ್ ಈಗ ಮೇಲಿನ ಬೋರ್ಡಿಗೆ ಮಾತ್ರ ಇದೆ. ಶೆಡ್ಡು ತೊಳೆಯುವ ನೀರು ಅಲ್ಲಿಯವರೆಗೆ ಹೋಗುವುದಿಲ್ಲ.

ಮರದ ವಿಷಯದಲ್ಲಿ ಹೊಸದೇ ಗೆದ್ದಿತು. ಅದರಲ್ಲಿ ಮಾತೇ ಇಲ್ಲ.

ಇನ್ನು ಪರದೆ. ಹಳೆಯದರ ಒಳಗೆ ಇದ್ದದ್ದು 20 ಇಂಚಿನ ಸಾದಾ ಟಿವಿ. ಗೇಮ್ ಬೋರ್ಡಿನಿಂದ ಬರುವ ಕೆಂಪು, ಹಸಿರು, ನೀಲಿ ಮೂರು ವೈರನ್ನು ನೇರ ಟಿವಿಯ ಬೋರ್ಡಿಗೇ ಸಾಲ್ಡರ್ ಮಾಡಿದ್ದರು. ಹೀಗೆ ಮಾಡಿದಾಗ ಚಿತ್ರ ತುಂಬಾ ಚೆನ್ನಾಗಿ ಬರುತ್ತದೆ. ಆದರೆ ಹಳೇ ಟಿವಿಗಳ ಒಳಗಿನ ಬೋರ್ಡಿಗೆ ಎಷ್ಟೋ ಸಲ ಮನೆಯ ಕರೆಂಟ್ ನೇರವಾಗಿ ತಗುಲಿಕೊಂಡಿರುತ್ತದೆ. ಅದಕ್ಕೇ ಮಧ್ಯದಲ್ಲಿ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ನನ್ನ ಪೆಟ್ಟಿಗೆಯಲ್ಲಿ ಅದು ಸುಟ್ಟುಹೋದ ಮೇಲೆ ಯಾರೋ ಪುಣ್ಯಾತ್ಮರು ಅದನ್ನು ಬಿಟ್ಟು ನೇರ ವೈರ್ ಎಳೆದಿದ್ದರು. ಗೇಮ್ ಬೋರ್ಡಿನ ನೆಗೆಟಿವ್‌ಗೆ ಟೆಸ್ಟರ್ ಇಟ್ಟೆ. ಉರಿಯಿತು!

ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಗೇಮ್ ಅಂಗಡಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ತಗಡಿನ ಮೇಲೆ ಮಣಿಕಟ್ಟು ತಾಗಿದರೆ ಕೈ ಜುಂ ಅನ್ನುತ್ತಿತ್ತು. ಅದೂ ಆಟದ ಭಾಗ ಅಂದುಕೊಂಡಿದ್ದೆವು.

ಟಿವಿ ಒಳಗೆ ನಾನು ಕೈ ಹಾಕಲಿಲ್ಲ. ಪಿಕ್ಚರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲೇ ಕೂತಿರಬಹುದು. ಹಳೇ ಟಿವಿ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ ಕರೆತಂದೆ. ಅವರಿಗೆ ಅರವತ್ತು ದಾಟಿದೆ, ಈಗ ಮಿಕ್ಸಿ ರಿಪೇರಿ ಮಾಡುತ್ತಾರೆ. ಹಿಂದಿನ ಮುಚ್ಚಳ ತೆಗೆದ ತಕ್ಷಣ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಯಾಕೆ ಅಂದೆ. "ಎರಡು ಕೈಯೂ ಒಳಗಿದ್ರೆ ಕರೆಂಟು ಎದೆ ಮೇಲಿಂದ ದಾಟತ್ತೆ, ತಮ್ಮಾ," ಅಂದರು. ಒಂದೇ ಕೈಯಲ್ಲಿ ಟ್ಯೂಬಿನ ಚಾರ್ಜ್ ಇಳಿಸಿದರು. ಚಟ್ ಅಂತ ಸಣ್ಣ ಕಿಡಿ ಬಂತು. ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಎಲ್‌ಓಟಿ ಚೆನ್ನಾಗಿದೆ, ಕಂಡೆನ್ಸರ್‌ಗಳು ಮಾತ್ರ ಹೋಗಿವೆ ಅಂದರು. ಹನ್ನೊಂದು ಬದಲಾಯಿಸಿದರು. ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿಸಿ ಹಾಕಿಸಿದೆವು, ತಗಡಿಗೆ ಅರ್ಥಿಂಗ್ ಕೊಟ್ಟೆವು. ಎಲ್ಲ ಸೇರಿ 3,900 ರೂಪಾಯಿ.

ಹೊಸ ಪೆಟ್ಟಿಗೆಗೆ ಆಫೀಸಿನವರು ಹೊರಹಾಕಿದ 19 ಇಂಚಿನ, ಹೆಚ್ಚುಕಮ್ಮಿ ಚೌಕಾಕಾರದ ಎಲ್‌ಸಿಡಿ ಮಾನಿಟರ್ ಸಿಕ್ಕಿತು, 1,800 ರೂಪಾಯಿಗೆ. ಹಳೇ ಗೇಮುಗಳಿಗೆ ಅಗಲವಾದ ಟಿವಿಗಿಂತ ಇದೇ ವಾಸಿ. ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿ ಬರುತ್ತದೆ ಅಷ್ಟೇ.

ನೋಡಲು ಯಾವುದು ಚೆಂದ? ನಾವು 'ಮುಸ್ತಫಾ' ಅಂತ ಕರೆಯುತ್ತಿದ್ದ ಗೇಮನ್ನೇ ತಗೊಳ್ಳಿ. ಅದರ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', ಕ್ಯಾಪ್‌ಕಾಮ್ 1993ರಲ್ಲಿ ತಂದದ್ದು. ಹಳದಿ ಟೋಪಿಯವನ ಹೆಸರು ಮುಸ್ತಫಾ ಕೈರೋ. ಅವನು ಓಡಿಬಂದು ಒದೆಯುವ ಜೋರಿಗೆ ಇಡೀ ಗೇಮಿಗೇ ಅವನ ಹೆಸರು ಬಿತ್ತು. ಆ ಚಿತ್ರದ ಅಳತೆ 384 ಬೈ 224 ಚುಕ್ಕಿ ಮಾತ್ರ. ಬರೆದವರು ಟ್ಯೂಬಿಗೆಂದೇ ಬರೆದದ್ದು. ಟ್ಯೂಬಿನಲ್ಲಿ ಚುಕ್ಕಿಗಳು ಒಂದಕ್ಕೊಂದು ಬೆರೆತು ಚರ್ಮ ಚರ್ಮದ ಹಾಗೆ, ಬೆಂಕಿ ಬೆಂಕಿಯ ಹಾಗೆ ಕಾಣುತ್ತದೆ. ಎಲ್‌ಸಿಡಿಯಲ್ಲಿ ಅದೇ ಮುಸ್ತಫಾ ಬಣ್ಣದ ಇಟ್ಟಿಗೆ ಜೋಡಿಸಿದ ಹಾಗಿರುತ್ತಾನೆ. ಅಡ್ಡಗೆರೆ ಬರಿಸುವ ಫಿಲ್ಟರ್ ಹಾಕಿದರೆ ಸ್ವಲ್ಪ ಹತ್ತಿರ ಬರುತ್ತದೆ. ಪೂರ್ತಿ ಬರುವುದಿಲ್ಲ.

ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಕೆಲಸ ಆಗಲು ಎಷ್ಟು ಹೊತ್ತು ಬೇಕು ಅಂತಲೂ ನೋಡಿದೆ. ಸೆಕೆಂಡಿಗೆ 240 ಚಿತ್ರ ಹಿಡಿಯುವ ಫೋನಿನಲ್ಲಿ ಬೆರಳು, ಪರದೆ ಎರಡೂ ಕಾಣುವಂತೆ ವಿಡಿಯೋ ತೆಗೆದು ಎಣಿಸಿದೆ. ಹಳೇ ಬೋರ್ಡು, ಟ್ಯೂಬು: 13 ಚಿತ್ರ, ಅಂದರೆ ಸುಮಾರು 54 ಮಿಲಿಸೆಕೆಂಡ್. ಹೊಸ ಪೆಟ್ಟಿಗೆ: 22 ಚಿತ್ರ, ಸುಮಾರು 92. ಕುತೂಹಲಕ್ಕೆ ಮನೆಯ ಹಾಲ್‌ನಲ್ಲಿರುವ ದೊಡ್ಡ ಟಿವಿಗೆ ಹಾಕಿ ನೋಡಿದರೆ 38 ಚಿತ್ರ, ಸುಮಾರು 158. ಅದೇ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿದ ಮೇಲೆ 25ಕ್ಕೆ ಇಳಿಯಿತು. ಇದು ಲ್ಯಾಬ್ ಲೆಕ್ಕವಲ್ಲ, ನನ್ನ ಬೆರಳಿನ ಲೆಕ್ಕ. ಆದರೂ ಟಿವಿ ಬಳಸುವವರು ಬೇರೆ ಏನು ಮಾಡದಿದ್ದರೂ ಆ ಒಂದು ಸೆಟ್ಟಿಂಗ್ ಹುಡುಕಿ ಆನ್ ಮಾಡಿ. 54ಕ್ಕೂ 92ಕ್ಕೂ ಇರುವ ವ್ಯತ್ಯಾಸ ಅಕ್ಕನ ಮಗನಿಗೆ ಗೊತ್ತೇ ಆಗಲಿಲ್ಲ. ನನಗೆ ಆಯಿತು, ಅದೂ 'ಸ್ಟ್ರೀಟ್ ಫೈಟರ್'ನಲ್ಲಿ ಮಾತ್ರ.

ಒಳಗಿನ ಬೋರ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯದರಲ್ಲಿ ಜಾಮಾ ಕನೆಕ್ಟರ್ ಇದೆ, 56 ಪಿನ್ನಿನದು. 1985ರಲ್ಲಿ ಜಪಾನಿನವರು ಮಾಡಿಕೊಂಡ ಕಟ್ಟಳೆ. ಒಂದು ಬೋರ್ಡ್ ಕಿತ್ತು ಇನ್ನೊಂದು ಸಿಕ್ಕಿಸಿದರೆ ಬೇರೆ ಗೇಮ್. ನನಗೆ ಸಿಕ್ಕಿದ್ದು ನಕಲಿ ಬೋರ್ಡ್. ಅದು ಎದ್ದು ಕೂರಲು ಬೇಕಾದದ್ದು ಇಷ್ಟೇ: ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುವುದು, ಬೋರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ 5 ವೋಲ್ಟ್ ನಿಜಕ್ಕೂ 5 ಇದೆಯಾ ಅಂತ ಬೋರ್ಡಿನ ಹತ್ತಿರವೇ ಅಳೆಯುವುದು. ನನ್ನದರಲ್ಲಿ 4.6 ಇತ್ತು. ಹಳೇ ವೈರು ಅಷ್ಟನ್ನು ನುಂಗುತ್ತಿತ್ತು.

ಸಾವಿರಾರು ಗೇಮ್ ಇರುವ ರೆಡಿಮೇಡ್ ಬೋರ್ಡನ್ನೂ ಮಧ್ಯೆ ಒಂದು ತಿಂಗಳು ಹಾಕಿ ನೋಡಿದೆ. ಒಂದೇ ಗೇಮ್ ಆರು ಹೆಸರಲ್ಲಿತ್ತು, ಸೌಂಡು ತೊದಲುತ್ತಿತ್ತು. ತೆಗೆದುಹಾಕಿದೆ. ಹೊಸದರಲ್ಲಿ ರಾಸ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಇದೆ, ಹಳೇ ಗೇಮುಗಳಿಗೆ ಸಾಕಾಗಿ ಮಿಗುತ್ತದೆ. ಕರೆಂಟ್ ಹೋದಾಗೆಲ್ಲ ಧಡಕ್ಕನೆ ಆಫ್ ಆಗಿ ಎರಡು ಮೆಮೊರಿ ಕಾರ್ಡ್ ಕೆಟ್ಟವು. ತಪ್ಪು ನನ್ನದೇ, ಯುಪಿಎಸ್‌ಗೆ ಮೊದಲೇ ಸೇರಿಸಬೇಕಿತ್ತು. ಇನ್ನೊಂದು ಮಾತು. ಗೇಮುಗಳಿಗೆ ಈಗಲೂ ಹಕ್ಕುದಾರರಿದ್ದಾರೆ. ಸುಮ್ನೆ ಸಿಗುತ್ತದೆ ಅಂತ ಎಲ್ಲಿಂದಲೋ ಇಳಿಸಿಕೊಳ್ಳುವುದು ಕಾನೂನಿಗೆ ಸರಿಯಲ್ಲ. ನಕಲಿ ಬೋರ್ಡ್ ಇಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ, ಗೊತ್ತು.

ಈಗ ಕೈ ಇಡುವ ಜಾಗ.

ಹಳೇ ಪೆಟ್ಟಿಗೆಯ ಪ್ಯಾನೆಲ್ ಅಂದರೆ ಎರಡು ಮಿಲಿಮೀಟರಿನ ತಗಡು. ಅದರ ಮೇಲೆ ಎಷ್ಟು ಕೈ ಓಡಾಡಿದೆ ಅಂದರೆ ಜಾಯ್‌ಸ್ಟಿಕ್ಕಿನ ಎಡಕ್ಕೆ ಅಂಗೈ ಊರುವ ಕಡೆ ಬಣ್ಣ ಸವೆದು ಲೋಹ ಹೊಳೆಯುತ್ತದೆ. ಸ್ಟಿಕ್ ಬಿಚ್ಚಿದರೆ ಒಳಗೆ ಕಪ್ಪು ಗ್ರೀಸು, ಕೂದಲು, ಒಂದು ಕಡಲೆಕಾಯಿ ಸಿಪ್ಪೆ. ಸೀಮೆಎಣ್ಣೆಯಲ್ಲಿ ತೊಳೆದೆ. ನಾಲ್ಕು ಮೈಕ್ರೋಸ್ವಿಚ್ ಬದಲಾಯಿಸಿದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದಕ್ಕೆ 25 ರೂಪಾಯಿ. ಸ್ಪ್ರಿಂಗ್ ಹಳೆಯದೇ.

ಹೊಸದರಲ್ಲಿ ನಾನು ಮಾಡಿದ ತಪ್ಪುಗಳನ್ನು ಕೇಳಿ. ಮೊದಲು ಅಗ್ಗದ ಕಿಟ್ ತರಿಸಿದೆ. ಎರಡು ಸ್ಟಿಕ್, ಇಪ್ಪತ್ತು ಮಿಣುಕುವ ಬಟನ್, ಯುಎಸ್‌ಬಿ ಬೋರ್ಡ್, ಎಲ್ಲ ಸೇರಿ 3,400. ಸ್ಪ್ರಿಂಗ್ ಎಷ್ಟು ಬಿಗಿ ಅಂದರೆ ಅರ್ಧ ಗಂಟೆಗೆ ಹೆಬ್ಬೆರಳ ಬುಡ ನೋಯುತ್ತಿತ್ತು. ಮೂಲೆಗೆ ತಳ್ಳಿದರೆ ಎರಡು ಸ್ವಿಚ್ ಒಟ್ಟಿಗೆ ಒತ್ತಬೇಕು. ಅದು ಒಂದನ್ನೇ ಒತ್ತುತ್ತಿತ್ತು. ಆಮೇಲೆ ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್ ಸ್ಟಿಕ್ ತಗೊಂಡೆ, ಒಂದಕ್ಕೇ 3,000 ಹತ್ತಿರ. ಅದನ್ನು 18 ಮಿಲಿಮೀಟರ್ ಪ್ಲೈವುಡ್ಡಿನ ಅಡಿಗೆ ಸ್ಕ್ರೂ ಮಾಡಿದೆ. ಮೇಲೆ ಬಂದು ನೋಡಿದರೆ ಗುಂಡು ಮಾತ್ರ ಕಾಣುತ್ತಿದೆ, ಕಡ್ಡಿಯೇ ಇಲ್ಲ! ಆ ಸ್ಟಿಕ್ ಮಾಡಿರುವುದು ತೆಳ್ಳಗಿನ ತಗಡಿಗೆ. ಒತ್ತಿ ಕೂರಿಸುವ ಸಾನ್ವಾ ಬಟನ್ನೂ ಅಷ್ಟೇ, ದಪ್ಪ ಮರದಲ್ಲಿ ಅದರ ಕಿವಿ ಸಿಕ್ಕಿಕೊಳ್ಳುವುದಿಲ್ಲ. ಕೊನೆಗೆ ಲೇಸರ್ ಕಟಿಂಗ್ ಅಂಗಡಿಯಲ್ಲಿ ಎರಡು ಮಿಲಿಮೀಟರಿನ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್ ಕೊಯ್ಯಿಸಿದೆ. ಬಟನ್‌ಗೆ 30 ಮಿಲಿಮೀಟರಿನ ತೂತು. ಅಂತರವನ್ನು ಹಳೇ ತಗಡಿನ ಮೇಲೆ ಪೇಪರ್ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆದು ಕೊಟ್ಟೆ. ಈ ಒಂದು ಉಪಾಯಕ್ಕೆ ನನಗೆ ನಾನೇ ಶಭಾಷ್ ಹೇಳಿಕೊಂಡಿದ್ದೇನೆ.

ಎತ್ತರದಲ್ಲೂ ಎಡವಿದೆ. ನಾನು ಸ್ವಲ್ಪ ಉದ್ದ ಅಂತ ಪ್ಯಾನೆಲ್ಲನ್ನು ನೆಲದಿಂದ 40 ಇಂಚಿಗೆ ಇಟ್ಟೆ. ಹತ್ತು ನಿಮಿಷದಲ್ಲಿ ಹೆಗಲು ಮೇಲೇರಿ ಕೂರುತ್ತಿತ್ತು. ಹಳೆಯದನ್ನು ಅಳೆದರೆ 37. ಅಷ್ಟಕ್ಕೇ ಇಳಿಸಿದೆ. ಮಕ್ಕಳಿಗೆ ಅದೂ ಎತ್ತರವೇ. ನಾವು ಸೋಡಾ ಕ್ರೇಟ್ ಮೇಲೆ ನಿಲ್ಲುತ್ತಿದ್ದೆವು, ಇವರಿಗೆ ಅಡುಗೆಮನೆಯ ಮಣೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. 'ಸ್ಟ್ರೀಟ್ ಫೈಟರ್'ನ ಶೋರ್ಯುಕೆನ್, ಅಂದರೆ ಮುಂದೆ, ಕೆಳಗೆ, ಮುಂದಿನ ಮೂಲೆ, ಆಮೇಲೆ ಗುದ್ದು. ಪ್ರತಿ ಸ್ಟಿಕ್ಕಿನಲ್ಲೂ ಇಪ್ಪತ್ತು ಸಲ ಪ್ರಯತ್ನಿಸಿದೆ. ಅಗ್ಗದ ಕಿಟ್‌ನಲ್ಲಿ ಒಂಬತ್ತು ಸಲ ಬಂತು. ಸಾನ್ವಾದಲ್ಲಿ ಚೌಕದ ಗೇಟ್ (ಕಡ್ಡಿ ಎಲ್ಲಿಯವರೆಗೆ ವಾಲಬೇಕು ಅಂತ ತಡೆಯುವ ತಟ್ಟೆ) ಇದ್ದಾಗ ಹದಿಮೂರು, ಎಂಟು ಮೂಲೆಯ ಗೇಟ್ ಹಾಕಿದಾಗ ಹದಿನಾರು. ಕಡಲೆಕಾಯಿ ಸಿಪ್ಪೆ ಇದ್ದ ಹಳೇ ಸ್ಟಿಕ್ಕಿನಲ್ಲಿ ಹದಿನೇಳು. ಹಾಗಂತ ಅದು ಸಾನ್ವಾಗಿಂತ ಒಳ್ಳೆಯದು ಅಂತಲ್ಲ. ನನ್ನ ಕೈ ಕಲಿತದ್ದು ಅಂಥದ್ದರ ಮೇಲೆ. ಅಕ್ಕನ ಮಗನಿಗೆ ಸಾನ್ವಾದಲ್ಲೇ ಜಾಸ್ತಿ ಬಂದವು. ಅಗ್ಗದ್ದು ಮಾತ್ರ ಇಬ್ಬರಿಗೂ ಕೈಕೊಟ್ಟಿತು.

ಒಟ್ಟು ಖರ್ಚು: ಹಳೆಯದಕ್ಕೆ 16,000 ಚಿಲ್ಲರೆ, ಹೊಸದಕ್ಕೆ 27,000. ವ್ಯರ್ಥವಾದ ಎಂಡಿಎಫ್, ಕಿಟ್ ಎಲ್ಲ ಸೇರಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಕರೆಂಟಿನ ಕೆಲಸ ಗೊತ್ತಿಲ್ಲದಿದ್ದರೆ, ಹೊಸದನ್ನೇ ಕಟ್ಟಿ. ಬಜೆಟ್ಟಿನ ಮೊದಲ ದುಡ್ಡು ಸ್ಟಿಕ್ ಮತ್ತು ಬಟನ್‌ಗೆ ಎತ್ತಿಡಿ, ಉಳಿದದ್ದರಲ್ಲಿ ಕಂಪ್ಯೂಟರು, ಮಾನಿಟರು ಹುಡುಕಿ. ಹಳೆಯದಕ್ಕೆ ಕೈ ಹಾಕುವುದು ಟಿವಿ ಮೆಕ್ಯಾನಿಕ್ ಒಬ್ಬರು ಗುರುತಿನಲ್ಲಿದ್ದರೆ ಮಾತ್ರ. ಪೆಟ್ಟಿಗೆ ನೋಡಲು ಹೋದಾಗ ಮರ ನೋಡಬೇಡಿ, ಅದನ್ನು ಸರಿ ಮಾಡಬಹುದು. ಟ್ಯೂಬು ಬೆಳಗುತ್ತದಾ, ತಗಡಿನ ಪ್ಯಾನೆಲ್ ಪೂರ್ತಿ ಇದೆಯಾ, ಅದನ್ನು ನೋಡಿ.

ಮಕ್ಕಳು ಯಾವುದರಲ್ಲಿ ಜಾಸ್ತಿ ಆಡುತ್ತಾರೆ ಅಂದರೆ, ಹೊಸದರಲ್ಲಿ. ಅಲ್ಲಿ ಕಾಯಿನ್‌ಗೆ ಒಂದು ಬಟನ್ ಇದೆ, ಟಕಟಕ ಒತ್ತಿದರೆ ಮೂವತ್ತು ಜೀವ. ಸತ್ತರೆ ಯಾರಿಗೂ ಬೇಜಾರಿಲ್ಲ. ಹಳೆಯದರಲ್ಲಿ ನಿಜವಾದ ಕಾಯಿನ್ ಪೆಟ್ಟಿಗೆ ಇದೆ. ಅದು ಹಿಡಿಯುವುದು 1992ರಿಂದ ಬರುತ್ತಿದ್ದ 25 ಮಿಲಿಮೀಟರಿನ ಒಂದು ರೂಪಾಯಿಯನ್ನು. ಈಗಿನ ಸಣ್ಣದು ಹಾಕಿದರೆ ಸೀದಾ ಕೆಳಗೆ ಬಂದು ಬೀಳುತ್ತದೆ. ಹುಡುಕಿ ಹುಡುಕಿ ಹದಿನೇಳು ಹಳೇ ನಾಣ್ಯ ಸೇರಿಸಿ ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದೇನೆ. ಆ ಬಾಟಲಿ ಹಿಡಿದು ನಿಂತಾಗ ಮಾತ್ರ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. "ಮಾಮಾ, ನಂದು ಇನ್ನೂ ಒಂದಿತ್ತು" ಅಂತ ಜಗಳ ಆಡುತ್ತಾರೆ. ಸಾಯುವಾಗ ಕಿರುಚುತ್ತಾರೆ.

ಮೊನ್ನೆ ಎಣಿಸಿದರೆ ಹದಿನಾರೇ ಇದ್ದವು. ಒಂದು ಒಳಗೆಲ್ಲೋ ಸಿಕ್ಕಿಕೊಂಡಿರಬೇಕು. ಭಾನುವಾರ ಬಿಚ್ಚಿ ನೋಡಬೇಕು.