ಹಗ್ಗ ಕಟ್ಟಿ ಗಾಡಿ ಎಳೆಸುವಾಗ ಹತ್ತಿರ ಯಾರೂ ನಿಲ್ಲಬೇಡಿ

ಕೆಸರಲ್ಲಿ ಹೂತ ಕಾರನ್ನು ಹಗ್ಗ ಕಟ್ಟಿ ಎಳೆಸುವ ಸಂದರ್ಭ ಯಾರಿಗಾದರೂ ಬರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಥ ಹಗ್ಗದ ಕೊಕ್ಕೆ ಬಡಿದು ನಮ್ಮ ಭಾವನ ಮುಂಗೈ ಮೂಳೆ ಮುರಿದಿದೆ.

ನಮ್ಮ ಕಾರಿನ ಮುಂದಿನ ಚಕ್ರಗಳು ಹೂತಿದ್ದವು. ಜೀಪಿನಲ್ಲಿ ಹೋಗುತ್ತಿದ್ದ ಒಬ್ಬರು ತಾವಾಗೇ ನಿಲ್ಲಿಸಿ ಹಗ್ಗ ತೆಗೆದರು. ಒಳ್ಳೆ ಮನಸ್ಸಿನಿಂದಲೇ ಬಂದವರು, ಅದರಲ್ಲಿ ಅನುಮಾನವಿಲ್ಲ. ಕೊಕ್ಕೆಯನ್ನು ಬಂಪರ್ ಕೆಳಗಿನ ತಗಡಿನ ಪಟ್ಟಿಗೆ ಸಿಕ್ಕಿಸಿದರು. ಹಗ್ಗ ಇನ್ನೂ ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. "ಒಂದೇ ಸಲ ಜೋರಾಗಿ ಜಗ್ಗಿದರೆ ಬಂದುಬಿಡುತ್ತೆ" ಎಂದು ಎಕ್ಸಲರೇಟರ್ ಒತ್ತಿದರು. ಭಾವ ಜೀಪಿನ ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದರು. ಕೊಕ್ಕೆ ಹಾರಿದ್ದು ಯಾರಿಗೂ ಕಾಣಲೇ ಇಲ್ಲ. ಟಪ್ ಅಂತ ಸದ್ದು, ನೋಡಿದರೆ ಭಾವ ಕೈ ಹಿಡಿದುಕೊಂಡು ಕುಸಿದು ಕೂತಿದ್ದಾರೆ. ಕಿತ್ತುಬಂದ ಪಟ್ಟಿ, ಬೋಲ್ಟ್ ಸಮೇತ, ಇನ್ನೂ ಕೊಕ್ಕೆಗೆ ಸಿಕ್ಕಿಕೊಂಡೇ ಇತ್ತು.

ನೈಲಾನ್ ಹಗ್ಗ ಎಳೆದಾಗ ಹಿಗ್ಗುತ್ತದೆ. ಹಿಗ್ಗಿದ್ದು ಒಂದು ತುದಿ ಕಿತ್ತರೆ ಕವಣೆ ಕಲ್ಲಿನ ಹಾಗೆ ಇನ್ನೊಂದು ತುದಿಯ ಕಡೆ ಹಾರುತ್ತದೆ. ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇದ್ದರೆ ಕೇಳಬೇಕೇ? ಸಡಿಲ ಹಗ್ಗವನ್ನು ಜಗ್ಗುವುದು ಇನ್ನೂ ಅಪಾಯ. ಜಗ್ಗುವ ಗಾಡಿಯ ವೇಗ 2 ಪಟ್ಟಾದರೆ ಅದು ಹೊತ್ತು ತರುವ ಶಕ್ತಿ 4 ಪಟ್ಟಾಗುತ್ತದೆ. ಹಾಗಾಗಿ ಮೊದಲು ಹಗ್ಗ ಬಿಗಿಯಾಗುವ ತನಕ ನಿಧಾನವಾಗಿ ಮುಂದೆ ಹೋಗಬೇಕು, ಆಮೇಲಷ್ಟೇ ಎಳೆಯಬೇಕು. ಚಕ್ರದ ಮುಂದಿನ ಕೆಸರನ್ನು ಮೊದಲೇ ತೋಡಿ ತೆಗೆದರೆ ಅರ್ಧ ಕೆಲಸ ಹಗುರ. ಹಗ್ಗದ ಮೇಲೆ ಒಂದು ದಪ್ಪ ಕಂಬಳಿ ಹೊದಿಸಿದರೆ ಕಿತ್ತರೂ ಅಷ್ಟು ದೂರ ಹಾರುವುದಿಲ್ಲ. ನೋಡುವವರು ಹಗ್ಗದ ಉದ್ದಕ್ಕಿಂತ ಜಾಸ್ತಿ ದೂರದಲ್ಲಿ, ಪಕ್ಕಕ್ಕೆ ನಿಲ್ಲಬೇಕು. ಎಳೆಯುವಾಗ ಯಾರೂ ಹಗ್ಗ ದಾಟಲೇಬಾರದು.

ಕಟ್ಟುವ ಜಾಗದ ಬಗ್ಗೆ ದಯವಿಟ್ಟು ಪಟ್ಟು ಹಿಡಿಯಿರಿ. ಹೆಚ್ಚಿನ ಕಾರುಗಳಿಗೆ ತಿರುಗಿಸಿ ಹಾಕುವ ಕಬ್ಬಿಣದ ಬಳೆ ಕೊಟ್ಟಿರುತ್ತಾರೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಹತ್ತಿರ ಇರುತ್ತದೆ. ಬಂಪರಿನ ಪುಟ್ಟ ಮುಚ್ಚಳ ತೆಗೆದು ಪೂರ್ತಿ ಬಿಗಿಯಾಗುವ ತನಕ ತಿರುಗಿಸಬೇಕು. ಕೆಲವು ಗಾಡಿಗಳಲ್ಲಿ ಎಡಕ್ಕೆ ತಿರುಗಿಸಿದರೇ ಬಿಗಿಯಾಗುವುದು. ಅದೂ ರಸ್ತೆಯಲ್ಲಿ ಮೆಲ್ಲಗೆ ಎಳೆಯಲಿಕ್ಕೆ ಕೊಟ್ಟದ್ದು, ಜಗ್ಗಾಟಕ್ಕಲ್ಲ. ಕಿತ್ತ ಹಗ್ಗಕ್ಕೆ ಗಂಟು ಹಾಕಿ ಮತ್ತೆ ಬಳಸಬೇಡಿ. ಗಂಟಿನ ಜಾಗದಲ್ಲಿ ಬಲ ಸುಮಾರು ಅರ್ಧಕ್ಕೇ ಇಳಿದುಬಿಡಬಹುದು.

ರಸ್ತೆಯಲ್ಲಿ ಎಳೆಸಿಕೊಂಡು ಹೋಗುವುದಾದರೆ ಇನ್ನೊಂದು ವಿಷಯ. ಇಂಜಿನ್ ಆಫ್ ಆಗಿರುವ ಕಾರಿನಲ್ಲಿ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿ, ಸ್ಟೀರಿಂಗೂ ಭಾರ. ಸ್ಟೀರಿಂಗ್ ಲಾಕ್ ಬೀಳದಂತೆ ಕೀ ಆನ್‌ನಲ್ಲೇ ಇರಲಿ. ಆಟೋಮ್ಯಾಟಿಕ್ ಗಾಡಿಯಾದರೆ ಸುಮ್ನೆ ಹಗ್ಗ ಕಟ್ಟಲು ಹೋಗಬೇಡಿ. ಇಂಜಿನ್ ಓಡದಿದ್ದರೆ ಹೆಚ್ಚಿನವುಗಳಲ್ಲಿ ಗೇರ್‌ಬಾಕ್ಸಿಗೆ ಎಣ್ಣೆ ಹೋಗುವುದಿಲ್ಲ. ತಡವಾದರೂ ಸರಿ, ಗಾಡಿಯನ್ನು ಮೇಲೆ ಹತ್ತಿಸಿಕೊಂಡು ಹೋಗುವ ಟ್ರಕ್ ಕರೆಸಿ.